ಹೊಸ ಬೋರಿನ ಮರಳಿಗೆ 1 ಇಂಚಿನ ಹೈಡ್ರೋಸೈಕ್ಲೋನ್: ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಹೈಡ್ರೋಸೈಕ್ಲೋನ್, ಅಂದರೆ ನೀರನ್ನು ಸುತ್ತಿಸಿ ಮರಳು ಬೇರೆ ಮಾಡುವ ಫಿಲ್ಟರ್, ಒಳ್ಳೆಯದು. ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿ ತನ್ನ ಕೆಲಸ ಮಾಡುತ್ತಿದೆ, ಧೈರ್ಯವಾಗಿ ತೆಗೆದುಕೊಳ್ಳಬಹುದು. ಆದರೆ ನಾವು ಮಾಡಿದ ಹಾಗೆ ಮೊದಲು ಯಾವುದೋ ಒಂದು ಫಿಲ್ಟರ್, ಆಮೇಲೆ ಬೋರ್ ಅಂತ ಹೋಗಬೇಡಿ. ಮೊದಲು ಬೋರ್ ನೋಡಿಸಿ. ಫಿಲ್ಟರ್ ಇರುವುದು ಮೋಟರ್ ಆದ ಮೇಲೆ ಅಲ್ವಾ? ಅದು ನಲ್ಲಿ, ಗೀಸರ್, ವಾಷಿಂಗ್ ಮಷೀನ್ ಉಳಿಸುತ್ತದೆ. ನೆಲದೊಳಗೆ ಮರಳು ಅರೆಯುತ್ತಾ ಕೂತ ಮೋಟರನ್ನು ಉಳಿಸುವುದಿಲ್ಲ.

ನಮ್ಮದು ಹಾಸನದ ಸಾಲಗಾಮೆ ರಸ್ತೆ ಕಡೆ ಒಂದು ಹೊಸ ಬಡಾವಣೆ. ಹೇಮಾವತಿ ನೀರಿನ ಪೈಪು ನಮ್ಮ ಬೀದಿಗೆ ಇನ್ನೂ ಬಂದಿಲ್ಲ. ಹಾಗಾಗಿ ಪಾಯ ತೆಗೆಯುವ ಮೊದಲೇ ಬೋರ್ ಕೊರೆಸಿದೆವು. 380 ಅಡಿ. 140 ಅಡಿಯಲ್ಲಿ ಒಂದು ಸಣ್ಣ ಪಾಯಿಂಟ್ ಸಿಕ್ಕಿತು, 310ರಲ್ಲಿ ಒಳ್ಳೆಯ ನೀರು ಬಿತ್ತು. ಎರಡು ಇಂಚು ನೀರು ಅಂದರು ರಿಗ್ಗಿನವರು. ಅಮ್ಮ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದರು, ಅಕ್ಕಪಕ್ಕದವರಿಗೆಲ್ಲ ಬೆಲ್ಲ ಹಂಚಿದೆವು. ಆ ಖುಷಿಯಲ್ಲಿ ಎರಡು ವಿಷಯ ನಾವು ಕೇಳಲೇ ಇಲ್ಲ. ಕೇಸಿಂಗ್ (ಮೇಲಿನ ಸಡಿಲ ಮಣ್ಣು ಕುಸಿಯದ ಹಾಗೆ ಬೋರಿಗೆ ಇಳಿಸುವ ಪೈಪು) 80 ಅಡಿಗೆ ಯಾಕೆ ನಿಲ್ಲಿಸಿದರು, ಕೊರೆದಾದ ಮೇಲೆ ಏರ್ ಹೊಡೆದು ಬೋರ್ ತೊಳೆಯುವುದನ್ನು ಇಪ್ಪತ್ತೇ ನಿಮಿಷಕ್ಕೆ ಯಾಕೆ ಮುಗಿಸಿದರು ಅಂತ. ಅವರಿಗೆ ರಾತ್ರಿಯೇ ಇನ್ನೊಂದು ಊರಿಗೆ ಹೋಗಬೇಕಿತ್ತು. ಮೋಟರ್ ಇಳಿಸಲು ಬಂದವರು ಬೇರೆ. ಅವರು 1.5 ಎಚ್‌ಪಿ ಮೋಟರನ್ನು 370 ಅಡಿಗೆ ಬಿಟ್ಟರು. ತಳಕ್ಕೆ ಹತ್ತೇ ಅಡಿ. ಆಳಕ್ಕೆ ಬಿಟ್ಟಷ್ಟೂ ಒಳ್ಳೆಯದು ಅಂದುಕೊಂಡಿದ್ದೆವು.

ಯುಗಾದಿಗೆ ಮನೆಗೆ ಬಂದೆವು. ಎರಡನೇ ವಾರಕ್ಕೆ ವಾಷಿಂಗ್ ಮಷೀನಿಗೆ ನೀರು ಬರುವುದು ನಿಧಾನವಾಯಿತು. ಹಿಂದಿನ ಪೈಪು ಬಿಚ್ಚಿದೆ. ಒಳಗೆ ನಾಣ್ಯದಷ್ಟು ದೊಡ್ಡ ಒಂದು ಜಾಲರಿ ಇರುತ್ತದೆ, ಅದನ್ನು ಇಕ್ಕಳದಲ್ಲಿ ಎಳೆದು ಅಂಗೈ ಮೇಲೆ ತಟ್ಟಿದೆ. ಚಿರೋಟಿ ರವೆಯಂಥ ಮರಳು ಉದುರಿತು. ಬೆರಳಲ್ಲಿ ಉಜ್ಜಿದರೆ ಚುಚ್ಚುತ್ತಿತ್ತು, ಹೊಳೆ ಮರಳಿನ ಹಾಗೆ ನುಣುಪಾಗಿರಲಿಲ್ಲ. ಬಿಸಿಲಿಗೆ ಹಿಡಿದರೆ ಮಧ್ಯೆ ಮಧ್ಯೆ ಕಾಗೆಬಂಗಾರದ ಚೂರುಗಳು ಮಿರಮಿರ ಮಿಂಚಿದವು. ಚಂದವಾಗಿಯೇ ಇತ್ತು. ಆದರೆ ಅದು ನಮ್ಮ ನಲ್ಲಿಯಲ್ಲಿ ಬರುತ್ತಿತ್ತು. ಸಂಪಿನ ಮುಚ್ಚಳ ತೆಗೆದು ಕೋಲು ಬಿಟ್ಟು ನೋಡಿದರೆ ತಳದಲ್ಲಿ ನಾಲ್ಕು ಬೆರಳು ದಪ್ಪ ಅದೇ ಮರಳು.

ಇಲ್ಲಿಂದ ನಾವು ತಪ್ಪು ದಾರಿ ಹಿಡಿದೆವು. ನೀರಿನ ಫಿಲ್ಟರ್ ಮಾರುವ ಒಬ್ಬರು ಮನೆಗೆ ಬಂದು ಲೋಟದ ನೀರಿಗೆ ಮೀಟರ್ ಅದ್ದಿ, ಟಿಡಿಎಸ್ 420 ಇದೆ, ನೀರು ಚೆನ್ನಾಗಿದೆ, ಅಡುಗೆಮನೆಗೆ ಒಂದು ಆರ್‌ಒ ಹಾಕಿಸಿದರೆ ಸಾಕು ಅಂದರು. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿರುವ ಉಪ್ಪಿನಂಶವನ್ನು. ಮರಳು ಕರಗುವುದಿಲ್ಲ. ಲೋಟದಲ್ಲಿ ಅರ್ಧ ಮರಳೇ ಇದ್ದರೂ ಆ ಮೀಟರಿಗೆ ಕಾಣುವುದಿಲ್ಲ. ಈ ಒಂದು ವಿಷಯ ನನಗೆ ಆವತ್ತು ಗೊತ್ತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಆಮೇಲೆ ಆನ್‌ಲೈನ್‌ನಲ್ಲಿ 1,450 ರೂಪಾಯಿಯ ಒಂದು ಜಾಲರಿ ಫಿಲ್ಟರ್ ತರಿಸಿದೆ. ಪಾರದರ್ಶಕ ಡಬ್ಬಿ, ಒಳಗೆ 40 ಮೈಕ್ರಾನ್ ಸ್ಟೀಲ್ ಜಾಲರಿ. ಕೂದಲಿಗಿಂತ ಸಣ್ಣ ಕಿಂಡಿ, ಒಂದು ಕಣವೂ ದಾಟುವುದಿಲ್ಲ ಅಂತ ನಂಬಿಕೊಂಡೆ. ಮೊದಲ ದಿನ ನೀರು ಕನ್ನಡಿಯ ಹಾಗೆ ಬಂತು. ಎರಡನೇ ದಿನ ಸಂಜೆಗೆ ಜಾಲರಿಗೆ ಜೇಡಿಮಣ್ಣು ಮೆತ್ತಿಕೊಂಡು ನೀರು ದಾರದಷ್ಟು ಸಣ್ಣಗಾಯಿತು. ಕೆಳಗಿನ ನಲ್ಲಿ ತಿರುಗಿಸಿ ತೊಳೆದರೆ ಮರಳು ಹೋಗುತ್ತದೆ, ಮೆತ್ತಿದ ಜೇಡಿ ಹೋಗುವುದಿಲ್ಲ, ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಬೇಕು. ಮುಂದೆ ದಾರಿ ಕಟ್ಟಿಕೊಂಡಾಗ ಹಿಂದಿನಿಂದ ಮೋಟರ್ ಒತ್ತುತ್ತಲೇ ಇರುತ್ತದೆ, ಒತ್ತಡ ಏರುತ್ತದೆ. ಐದನೇ ದಿನ ಡಬ್ಬಿಯ ತಿರುಪಿನ ಹತ್ತಿರ ಸೋರಲು ಶುರುವಾಯಿತು. ಬಿಸಿಲು ಬೀಳುವ ಕಡೆ ಹಾಕಿದ್ದರಿಂದ ಮೂರು ವಾರಕ್ಕೆ ಒಳಗೆಲ್ಲ ಪಾಚಿ. ಫಿಲ್ಟರನ್ನು ಪೂರ್ತಿ ಬೈಯುವ ಹಾಗಿಲ್ಲ, ಸ್ವಲ್ಪ ಮರಳು ಬರುವ ಮನೆಗೆ ಅದು ಸಾಕಾಗಬಹುದು. ಜೇಡಿ ಮತ್ತು ಮರಳು ಒಟ್ಟಿಗೆ ಬರುವ ಹೊಸ ಬೋರಿಗೆ ಅದು ಆಗುವುದಿಲ್ಲ.

ದಾರಿ ತೋರಿಸಿದ್ದು ಅರಕಲಗೂಡು ಕಡೆ ಶುಂಠಿ, ಆಲೂಗಡ್ಡೆ ಬೆಳೆಯುವ ನಮ್ಮ ದೊಡ್ಡಪ್ಪನ ಮಗ. ಅವನಿಗೆ ಡ್ರಿಪ್ಪಿನ ಅಭ್ಯಾಸ. ಡ್ರಿಪ್ಪಿನ ಸಣ್ಣ ತೂತಿಗೆ ಒಂದು ಮರಳು ಸಿಕ್ಕಿದರೆ ಒಂದು ಗಿಡ ಒಣಗುತ್ತದೆ, ಹಾಗಾಗಿ ನೀರಿನ ಮರಳು ರೈತರಿಗೆ ಗೊತ್ತಿರುವಷ್ಟು ಪೇಟೆಯವರಿಗೆ ಗೊತ್ತಿಲ್ಲ. ಫೋನಿನಲ್ಲಿ ಅವನು ಮೊದಲು ಹೇಳಿದ್ದು ಇದು: ಏನೂ ಕೊಳ್ಳಬೇಡ, ಮೂರು ಬಾಟಲಿ ತಗೋ.

ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ಮೋಟರ್ ಹಾಕಿದ ಕೂಡಲೇ ಬರುವ ನೀರು ಒಂದರಲ್ಲಿ, ಐದು ನಿಮಿಷ ಆದ ಮೇಲೆ ಇನ್ನೊಂದರಲ್ಲಿ, ಅರ್ಧ ಗಂಟೆ ಆದ ಮೇಲೆ ಮೂರನೆಯದರಲ್ಲಿ ಹಿಡಿಯಬೇಕು. ಬೋರಿನ ಬಾಯಿ ಹತ್ತಿರವೇ ಹಿಡಿಯಬೇಕು, ಟ್ಯಾಂಕಿನ ನಲ್ಲಿಯಲ್ಲಲ್ಲ. ಅಲುಗಾಡಿಸಿ ಕಿಟಕಿ ಮೇಲೆ ಇಟ್ಟು ನೋಡುತ್ತಾ ಕೂತರೆ ನೀರೇ ಎಲ್ಲ ಹೇಳುತ್ತದೆ. ಮರಳು ಅರ್ಧ ನಿಮಿಷದೊಳಗೆ ತಳ ಸೇರುತ್ತದೆ. ಹೂಳಿನಂಥ ನುಣುಪು ಮಣ್ಣಿಗೆ ಒಂದೆರಡು ಗಂಟೆ ಬೇಕು. ಜೇಡಿ ಮಾರನೇ ದಿನವೂ ನೀರನ್ನು ಮಬ್ಬಾಗಿಯೇ ಇಟ್ಟಿರುತ್ತದೆ. ಮೊದಲ ಬಾಟಲಿಯಲ್ಲಿ ಮಾತ್ರ ಮರಳು ಇದ್ದರೆ ಅದು ಮೋಟರ್ ಶುರುವಾಗುವಾಗ ಕದಡಿದ ಮರಳು, ಅಷ್ಟು ಭಯ ಬೇಡ. ಮೂರರಲ್ಲೂ ಒಂದೇ ಸಮ ಇದ್ದರೆ ಎಲ್ಲಿಂದಲೋ ಬಿಡದೆ ಬರುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಮೂರರಲ್ಲೂ ಇತ್ತು. ಮೊದಲನೆಯದರಲ್ಲಿ ಹೆಬ್ಬೆರಳಿನ ಉಗುರಿನ ಎತ್ತರಕ್ಕೆ, ಮೂರನೆಯದರಲ್ಲಿ ಅದರ ಅರ್ಧ. ಆವತ್ತು ರಾತ್ರಿ ನಿಜವಾಗಿ ಹೆದರಿಕೆ ಆಯಿತು. ಮರಳು ಹೀಗೇ ಬೀಳುತ್ತಾ ಹೋದರೆ ಮೋಟರ್ ಸುತ್ತ ತುಂಬಿಕೊಂಡು ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮೇಲೆ ಬರುವುದಿಲ್ಲ. ಮೋಟರೂ ಹೋಯಿತು, ಬೋರೂ ಹೋಯಿತು.

ಅಮ್ಮ ಅವರ ತವರಿನಲ್ಲಿ ಮಾಡುತ್ತಿದ್ದ ಹಾಗೆ ಚಿಲ್ಲದ ಬೀಜ ತೇಯ್ದು ಹಾಕೋಣ ಅಂದರು. ಕೊಡದ ನೀರಿನ ಮಬ್ಬು ತಿಳಿಯಾಗಲು ಚಿಲ್ಲದ ಬೀಜ, ಪಟಿಕ ಎರಡೂ ಸರಿ. ಅವು ಜೇಡಿಯನ್ನು ಒಟ್ಟುಗೂಡಿಸಿ ಕೆಳಗಿಳಿಸುತ್ತವೆ. ಮರಳು ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಯಾವ ಬೀಜವೂ ಬೇಡ. ಅದು ಬರದ ಹಾಗೆ ಮಾಡುವುದೇ ಕೆಲಸ.

ಈಗ ಸೇವೆಯ ವಿಚಾರ. ಮೋಟರ್ ಎತ್ತಿ ಬೋರ್ ತೊಳೆಯುವವರನ್ನು ಕರೆಸಿದೆವು, ಬೋರಿಗೆ ಕ್ಯಾಮೆರಾ ಬಿಡುವವರನ್ನೂ. ಕ್ಯಾಮೆರಾಕ್ಕೆ 3,500 ಆಯಿತು. ಖರ್ಚು ಮಾಡಿದ್ದರಲ್ಲಿ ಅತಿ ಹೆಚ್ಚು ಉಪಯೋಗ ಆಗಿದ್ದು ಇದೇ. ಟೀವಿಯಂಥ ಸಣ್ಣ ಪರದೆಯಲ್ಲಿ ಬೋರಿನ ಗೋಡೆ ಅಡಿ ಅಡಿಯಾಗಿ ಕಾಣುತ್ತದೆ. ಕೇಸಿಂಗ್ ತುದಿ 80 ಅಡಿಯಲ್ಲಿ ಸರಿಯಾಗಿಯೇ ಕೂತಿತ್ತು. ಆದರೆ ಅದರ ಕೆಳಗೆ 92 ಅಡಿಯ ಹತ್ತಿರ ಒಂದು ಗೇಣು ಎತ್ತರದ ಸಡಿಲ ಪದರ. ಅಲ್ಲಿ ಗೋಡೆ ಒಳಕ್ಕೆ ತಿಂದುಹೋಗಿತ್ತು, ನೀರು ಜಿನುಗುತ್ತಿತ್ತು, ನೋಡುತ್ತಿದ್ದ ಹಾಗೆಯೇ ಒಂದೆರಡು ಕಣ ಉದುರಿ ಕೆಳಗೆ ಹೋದವು. ನಮ್ಮ ಕಡೆ ಕೆಳಗಿರುವುದು ಹೆಚ್ಚಾಗಿ ನೈಸ್ ಕಲ್ಲು, ಕಪ್ಪು ಬಿಳಿ ಪಟ್ಟೆಯದ್ದು. ಅದು ಕೊಳೆತಾಗ ಒಂದು ಭಾಗ ಜೇಡಿಯಾಗುತ್ತದೆ, ಬೆಣಚು ಹಾಗೇ ಮರಳಾಗಿ ಉಳಿಯುತ್ತದೆ, ಕಾಗೆಬಂಗಾರ ಚೂರಾಗಿ ಉಳಿಯುತ್ತದೆ. ನನ್ನ ಅಂಗೈ ಮೇಲೆ ಬಿದ್ದಿದ್ದು ಇದೇ. ಕೇಸಿಂಗ್ ಗಟ್ಟಿ ಕಲ್ಲು ಸಿಗುವವರೆಗೂ ಹೋಗಿ, ಆ ಕಲ್ಲಿನೊಳಗೆ ಒಂದಷ್ಟು ಅಡಿ ಕೂರಬೇಕು. ನಮ್ಮಲ್ಲಿ ಮೊದಲು ಸಿಕ್ಕ ಕಲ್ಲನ್ನೇ ಗಟ್ಟಿ ಅಂದುಕೊಂಡು ನಿಲ್ಲಿಸಿದ್ದರು. ಇನ್ನು ಇಪ್ಪತ್ತು ಅಡಿ ಕೇಸಿಂಗ್ ಹಾಕಿದ್ದರೆ ಈ ವಿಮರ್ಶೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ತೊಳೆಯುವವರು ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಮಧ್ಯಾಹ್ನ ಮೂರರವರೆಗೆ ಏರ್ ಹೊಡೆದರು. ಒಂದೇ ಸಮ ಹೊಡೆಯಲಿಲ್ಲ. ಹತ್ತು ನಿಮಿಷ ಹೊಡೆದು, ನಿಲ್ಲಿಸಿ, ನೀರು ಕೆಳಗಿಳಿಯಲು ಬಿಟ್ಟು, ಮತ್ತೆ ಹೊಡೆಯುತ್ತಿದ್ದರು. ನೀರು ಹಿಂದೆ ಮುಂದೆ ಆಡಿದಾಗಲೇ ಬಿರುಕಿನಲ್ಲಿ ಸಿಕ್ಕಿದ್ದು ಸಡಿಲವಾಗಿ ಹೊರಗೆ ಬರುತ್ತದೆ ಅಂತ ಹೇಳಿದರು. ಮೊದಲ ಒಂದು ಗಂಟೆ ಬೂದಿ ಬಣ್ಣದ ನೀರು, ಅದು ಕೊರೆದಾಗ ಉಳಿದ ಕಲ್ಲಿನ ಪುಡಿ. ಆಮೇಲೆ ಹಾಲು ಹಾಕಿದ ಕಾಫಿಯ ಬಣ್ಣ, ಅದು ಮೇಲಿನ ಕೊಳೆತ ಪದರದ್ದು. ಎರಡೂವರೆ ಹೊತ್ತಿಗೆ ತಿಳಿಯಾಯಿತು. ಆದರೂ ಅವರು ಇನ್ನೂ ಅರ್ಧ ಗಂಟೆ ಬಿಟ್ಟರು, ನಾವು ಕೇಳಿಕೊಳ್ಳದೆಯೇ. ಈ ತಾಳ್ಮೆಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಮೋಟರ್ ಎತ್ತಿ ಇಳಿಸುವುದೂ ಸೇರಿ 14,000 ಕೊಟ್ಟೆ. ಈ ಸಲ ಮೋಟರನ್ನು 330 ಅಡಿಗೆ ನಿಲ್ಲಿಸಿದರು, ತಳದಲ್ಲಿ ಐವತ್ತು ಅಡಿ ಜಾಗ ಇರಲಿ, ಬಿದ್ದ ಮರಳು ಅಲ್ಲಿ ಕೂರಲಿ ಅಂತ.

92 ಅಡಿಯ ಪದರಕ್ಕೆ ಪೂರ್ತಿ ಪರಿಹಾರ ಅಂದರೆ ಒಳಗೆ ಇನ್ನೊಂದು 5 ಇಂಚಿನ ಪಿವಿಸಿ ಪೈಪು ಇಳಿಸಿ, ಅದರ ಕೆಳತುದಿಯಲ್ಲಿ ರಬ್ಬರ್ ಸೀಲ್ ಕೊಟ್ಟು ಆ ಜಾಗವನ್ನು ಮುಚ್ಚುವುದು. 4 ಇಂಚಿನ ಮೋಟರ್ ಅದರೊಳಗೆ ಇಳಿಯುತ್ತದೆ. ಸದ್ಯಕ್ಕೆ ಮಾಡಿಸಿಲ್ಲ, ಖರ್ಚು ಜಾಸ್ತಿ, ಮತ್ತು ತೊಳೆಸಿದ ಮೇಲೆ ಮರಳು ತುಂಬಾ ಕಡಿಮೆಯಾಯಿತು. ಉಳಿದ ಸ್ವಲ್ಪಕ್ಕೆ ಈ ಹೈಡ್ರೋಸೈಕ್ಲೋನ್.

ಸಂತೇಪೇಟೆ ಕಡೆ ಹನಿ ನೀರಾವರಿ ಸಾಮಾನು ಮಾರುವ ಅಂಗಡಿಯಲ್ಲಿ ತೆಗೆದುಕೊಂಡೆ, 3,200 ರೂಪಾಯಿ. ನಾನು ಹೋಗಿ ಎರಡು ಇಂಚಿನದು ಕೊಡಿ, ದೊಡ್ಡದೇ ಇರಲಿ ಅಂದೆ. ಅಂಗಡಿಯವರು ಕೊಡಲಿಲ್ಲ. ನಿಮ್ಮ ಬೋರು ಗಂಟೆಗೆ ಎಷ್ಟು ಲೀಟರ್ ಎಸೆಯುತ್ತದೆ ಹೇಳಿ, ಗೊತ್ತಿಲ್ಲದಿದ್ದರೆ ಮನೆಗೆ ಹೋಗಿ ಬಕೆಟ್ ಹಿಡಿದು ಬನ್ನಿ ಅಂದರು. ಮಾರುವ ಸಾಮಾನು ಮಾರದೆ ವಾಪಸ್ ಕಳಿಸುವ ಅಂಗಡಿ ಎಷ್ಟಿವೆ ಹೇಳಿ! ಮನೆಗೆ ಬಂದು ಅಳೆದೆ. 20 ಲೀಟರ್ ಬಕೆಟ್ 28 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 43 ಲೀಟರ್, ಗಂಟೆಗೆ ಸುಮಾರು 2,570. ಅದಕ್ಕೆ 1 ಇಂಚಿನದೇ ಸರಿ ಅಂದರು. ಅದರ ಮೇಲೆ ಗಂಟೆಗೆ 1,000ದಿಂದ 3,000 ಲೀಟರ್ ಅಂತ ಬರೆದಿದೆ.

ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಿಲ್ಲದೆ ತುಂಬಾ ಜನ ತಪ್ಪು ಸೈಜ್ ತರುತ್ತಾರೆ. ಇದರೊಳಗೆ ಜಾಲರಿ ಇಲ್ಲ, ಬದಲಿಸುವ ಕ್ಯಾಂಡಲ್ ಇಲ್ಲ, ತಿರುಗುವ ಯಾವ ಭಾಗವೂ ಇಲ್ಲ. ಒಂದು ಆಲಿಕೆಯ ಆಕಾರ, ಅಷ್ಟೇ. ನೀರು ಪಕ್ಕದಿಂದ ಓರೆಯಾಗಿ ನುಗ್ಗಿ ಒಳಗೆ ಸುತ್ತುತ್ತದೆ. ಕಡೆಯುವ ಕಡಗೋಲಿನ ಸುತ್ತ ಮಜ್ಜಿಗೆ ಸುತ್ತುವ ಹಾಗೆ. ಮರಳು ನೀರಿಗಿಂತ ಭಾರ, ಅದು ಗೋಡೆ ಕಡೆಗೆ ಎಸೆಯಲ್ಪಟ್ಟು ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತದೆ, ತಿಳಿ ನೀರು ನಡುವಿನಿಂದ ಮೇಲೆ ಹೋಗುತ್ತದೆ. ಸುತ್ತುವ ವೇಗವೇ ಇದರ ಜೀವ. ದೊಡ್ಡ ಸೈಕ್ಲೋನಿಗೆ ಸಣ್ಣ ಬೋರಿನ ನೀರು ಬಿಟ್ಟರೆ ನೀರು ಸುಮ್ನೆ ಹಾದು ಹೋಗುತ್ತದೆ, ಸುತ್ತುವುದಿಲ್ಲ, ಮರಳೂ ಬೀಳುವುದಿಲ್ಲ. ಹಾಗಾಗಿ ಇಲ್ಲಿ ದೊಡ್ಡದು ಒಳ್ಳೆಯದಲ್ಲ.

ಕೂರಿಸುವುದು ಸುಲಭ, ನಮ್ಮ ಪ್ಲಂಬರ್ ಒಂದು ಗಂಟೆಯಲ್ಲಿ ಮುಗಿಸಿದರು. ಬೋರಿನಿಂದ ಸಂಪಿಗೆ ಹೋಗುವ ಪೈಪಿನಲ್ಲಿ, ಸಂಪಿಗೆ ಮೊದಲು, ನೆಟ್ಟಗೆ ನಿಲ್ಲಿಸಬೇಕು, ಓರೆ ಆಗಬಾರದು. ಎರಡೂ ಕಡೆ ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಹಾಕಿಸಿ, ಬಿಚ್ಚಬೇಕಾದರೆ ಪೈಪು ಕತ್ತರಿಸುವುದು ಬೇಡ. ನೆರಳಿನಲ್ಲಿ ಇರಲಿ. ಕೆಳಗಿನ ಡ್ರೈನ್ ನಲ್ಲಿಗೆ ಒಂದು ಸಣ್ಣ ಪೈಪು ಕೊಟ್ಟು ನಾವು ಕರಿಬೇವಿನ ಗಿಡದ ಬುಡಕ್ಕೆ ಬಿಟ್ಟಿದ್ದೇವೆ.

ಫಲಿತಾಂಶ. ತೊಳೆಸುವ ಮೊದಲು ಎರಡು ತಿಂಗಳಲ್ಲಿ ಸಂಪಿನಿಂದ ಎರಡು ಬಕೆಟ್ ಮರಳು ಎತ್ತಿದ್ದೆವು. ಸೈಕ್ಲೋನ್ ಹಾಕಿದ ಮೊದಲ ದಿನ ಅದರ ಡಬ್ಬಿಯಲ್ಲಿ ಒಂದು ಸ್ಟೀಲ್ ಲೋಟದಷ್ಟು ಮರಳು ಸಿಕ್ಕಿತು. ಮೊದಲ ವಾರ ದಿನಾ ಡ್ರೈನ್ ಬಿಟ್ಟೆ, ಆಮೇಲೆ ಎರಡು ದಿನಕ್ಕೊಮ್ಮೆ, ಈಗ ವಾರಕ್ಕೊಮ್ಮೆ ಬಿಟ್ಟರೆ ಒಂದು ಚಮಚದಷ್ಟು ಬರುತ್ತದೆ. ವಾಷಿಂಗ್ ಮಷೀನಿನ ಜಾಲರಿಯನ್ನು ಕಳೆದ ಭಾನುವಾರ ಬಿಚ್ಚಿ ನೋಡಿದೆ, ಸ್ವಚ್ಛ. ಸಂಪಿನ ತಳದಲ್ಲಿ ಕೈಗೆ ಹತ್ತುವಷ್ಟು ನುಣುಪು ಮಣ್ಣು ಇದೆ, ಮರಳಿಲ್ಲ. ನೀರಿನ ವೇಗ ಸ್ವಲ್ಪ ತಗ್ಗಿತು. ಬಕೆಟ್ಟಿಗೆ 28 ಇದ್ದದ್ದು 30 ಸೆಕೆಂಡ್ ಆಯಿತು. ಅದು ದೊಡ್ಡ ವಿಷಯವಲ್ಲ.

ಇದರ ಜೊತೆಗೆ ಎರಡು ಬದಲಾವಣೆ ಮಾಡಿದೆವು, ಅವೂ ಫಿಲ್ಟರಿನಷ್ಟೇ ಕೆಲಸ ಮಾಡಿವೆ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಸಂಪಿನ ಸೆನ್ಸರ್ ಒಂದು ಗೇಣು ನೀರು ಇಳಿದರೂ ಮೋಟರ್ ಹಾಕುತ್ತಿತ್ತು, ದಿನಕ್ಕೆ ಏಳೆಂಟು ಸಲ. ಪ್ರತಿ ಸಲ ಮೋಟರ್ ಶುರುವಾದಾಗಲೂ ಬೋರಿನಲ್ಲಿ ಒಂದು ಜರ್ಕ್, ಮರಳು ಕದಡುತ್ತದೆ. ಈಗ ಬೆಳಿಗ್ಗೆ ಒಂದೇ ಸಲ ಒಂದು ಗಂಟೆ ಓಡಿಸುತ್ತೇವೆ. ಇನ್ನೊಂದು, ಗೇಟ್ ವಾಲ್ವನ್ನು ಸ್ವಲ್ಪ ಮುಚ್ಚಿ ಬಕೆಟ್ 36 ಸೆಕೆಂಡಿಗೆ ತುಂಬುವ ಹಾಗೆ ಮಾಡಿದೆವು, ಗಂಟೆಗೆ 2,000 ಲೀಟರ್. ನಿಧಾನವಾಗಿ ಎಳೆದರೆ ಬೋರಿನ ನೀರು ಅಷ್ಟು ಕೆಳಗೆ ಇಳಿಯುವುದಿಲ್ಲ, ಸಡಿಲ ಪದರದಿಂದ ನೀರು ಅಷ್ಟು ಜೋರಾಗಿ ನುಗ್ಗುವುದಿಲ್ಲ. ಆದರೆ ವಾಲ್ವನ್ನು ತೀರಾ ಮುಚ್ಚಬೇಡಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಾಗುವುದು ಅದರ ಸುತ್ತ ಹರಿಯುವ ನೀರಿನಿಂದಲೇ, ಮತ್ತು ಸೈಕ್ಲೋನಿನೊಳಗೆ ನೀರು ಸುತ್ತಬೇಕಾದರೂ ಸಾಕಷ್ಟು ನೀರು ಬರಬೇಕು.

ಕೊರತೆಗಳೂ ಇವೆ. ನುಣುಪು ಹೂಳು, ಜೇಡಿ ಇದಕ್ಕೆ ಸಿಗುವುದಿಲ್ಲ. ಪೆಟ್ಟಿಗೆಯ ಮೇಲೆ 75 ಮೈಕ್ರಾನ್‌ಗಿಂತ ದಪ್ಪ ಕಣಕ್ಕೆ ಅಂತ ಬರೆದಿದೆ, ನನ್ನ ಬಾಟಲಿಯಲ್ಲಿ ಕಂಡಿದ್ದೂ ಹಾಗೇ. ಜೋರು ಮಳೆ ಬಂದ ವಾರ ನೀರು ಸ್ವಲ್ಪ ಮಬ್ಬಾಗಿಯೇ ಬಂತು. ಇನ್ನು, ಮೋಟರ್ ಶುರುವಾದ ಮೊದಲ ಕೆಲವು ಸೆಕೆಂಡ್ ಮತ್ತು ನಿಲ್ಲುವಾಗ ನೀರು ಸರಿಯಾಗಿ ಸುತ್ತುವುದಿಲ್ಲ, ಆಗ ಸ್ವಲ್ಪ ಮರಳು ದಾಟುತ್ತದೆ. ಅದಕ್ಕೇ ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತುವ ಪೈಪಿನ ಬಾಯಿಯನ್ನು ಸಂಪಿನ ತಳದಿಂದ ಅರ್ಧ ಅಡಿ ಮೇಲೆ ಇರಿಸಿದ್ದೇವೆ. ಡ್ರೈನಿಗೆ ಕೊಟ್ಟಿರುವ ಪ್ಲಾಸ್ಟಿಕ್ ನಲ್ಲಿ ಗಟ್ಟಿಯಿಲ್ಲ, ಎರಡನೇ ತಿಂಗಳಿಗೆ ಮರಳು ಸಿಕ್ಕಿ ಹನಿಯತೊಡಗಿತು. ಹಿತ್ತಾಳೆ ಬಾಲ್ ವಾಲ್ವ್ ಹಾಕಿಸಿದೆ. ತರುವಾಗಲೇ ಅದನ್ನೂ ತಂದುಬಿಡಿ.

ಕುಡಿಯುವ ನೀರಿಗೆ ಇದೊಂದೇ ಸಾಲದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ನೀರಿನ ಮಬ್ಬು 1 ಎನ್‌ಟಿಯು (ಮಬ್ಬು ಅಳೆಯುವ ಮಾನ) ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 5ರವರೆಗೆ ಒಪ್ಪುತ್ತಾರೆ. ಅದನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ನೀರನ್ನು ಲ್ಯಾಬಿಗೆ ಕೊಡಬೇಕು. ನಾವು ಅಡುಗೆಮನೆಗೆ ಬೇರೆ ಫಿಲ್ಟರ್ ಇಟ್ಟುಕೊಂಡಿದ್ದೇವೆ. ಮೊದಲು ತಿಂಗಳಿಗೊಮ್ಮೆ ಕಪ್ಪಾಗುತ್ತಿದ್ದ ಅದರ ಕ್ಯಾಂಡಲ್ ಈಗ ನಾಲ್ಕು ತಿಂಗಳಾದರೂ ಬೆಳ್ಳಗಿದೆ.

ಫಿಲ್ಟರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಡ್ರೈನ್ ನಲ್ಲಿಗಾಗಿ ಒಂದು ಕಳೆದಿದ್ದೇನೆ. ತೊಳೆದವರಿಗೆ ಐದಕ್ಕೆ ಐದು. ತಿಂಗಳ ಮೊದಲ ಭಾನುವಾರ ಈಗಲೂ ಮೂರು ಬಾಟಲಿ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ಇಡುತ್ತೇನೆ, ಬೋರಿನ ಬಾಯಿ ಹತ್ತಿರ ಹಿಡಿದ, ಸೈಕ್ಲೋನಿಗೆ ಮೊದಲಿನ ನೀರು. ಈ ತಿಂಗಳ ಮೊದಲ ಬಾಟಲಿಯಲ್ಲಿ ಉಪ್ಪಿನ ಚಿಟಿಕೆಯಷ್ಟು ಇತ್ತು, ಉಳಿದ ಎರಡರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಮತ್ತೆ ಮರಳು ಕಂಡ ದಿನ 5 ಇಂಚಿನ ಪೈಪು ಇಳಿಸಲು ಹೇಳುತ್ತೇನೆ.